ಹೆಸರು ಬೇಡ, ಊರು ಬೇಡ

ಹೋದ ತಿಂಗಳು ಒಂದು ಸಂಜೆ, ನನ್ನಲ್ಲಿ ಸೂಪರ್ವಿಷನ್‌ಗೆ ಬರುವ ಹುಡುಗಿ ತನ್ನ ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟಳು. ಆಪ್ತಸಮಾಲೋಚನೆಯ ಕೆಲಸಕ್ಕೆ ಇಳಿದು ಇನ್ನೂ ಎರಡು ವರ್ಷ ತುಂಬದವಳು. ಓದುತ್ತಾಳೆ, ಕೇಳುತ್ತಾಳೆ, ತಪ್ಪಾದರೆ ತಾನೇ ಬಂದು ಹೇಳುತ್ತಾಳೆ. ಪರದೆಯ ಮೇಲೆ ಒಂದು ರೀಲ್ ಓಡುತ್ತಿತ್ತು. ಚಿಕಿತ್ಸೆ ಮುಗಿದ ದಿನ ಅವಳ ಕ್ಲೈಂಟ್ ಒಬ್ಬರು ಕೈಯಾರೆ ಬರೆದು ಕೊಟ್ಟ ಪತ್ರ, ಹಿನ್ನೆಲೆಯಲ್ಲಿ ಕೊಳಲು, ಹೆಸರಿದ್ದ ಕಡೆಯೆಲ್ಲ ಕಪ್ಪು ಪಟ್ಟಿ. ಕೆಳಗೆ ಹೃದಯದ ಗುರುತುಗಳು ಸಾಲುಗಟ್ಟಿದ್ದವು.

“ಹೆಸರು ಮುಚ್ಚಿದೀನಿ ಮ್ಯಾಮ್. ಊರೂ ಕಾಣಲ್ಲ. ಅವರನ್ನ ಕೇಳೇ ಹಾಕಿದ್ದು,” ಅಂದಳು.

ನಾನು ಕಪ್ಪು ಪಟ್ಟಿಯನ್ನು ನೋಡುತ್ತಿರಲಿಲ್ಲ, ಅಕ್ಷರ ನೋಡುತ್ತಿದ್ದೆ. ಒಬ್ಬೊಬ್ಬರ ಕೈಬರಹಕ್ಕೂ ಒಂದು ನಡಿಗೆ ಇರುತ್ತದೆ. ಅದನ್ನು ಬರೆದವರ ತಾಯಿಯೋ, ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿಯೋ ನೋಡಿದರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಗುರುತು ಹಿಡಿಯುತ್ತಾರೆ. ಇದು ನನಗೆ ಗೊತ್ತಿರುವುದು ಮನಶ್ಶಾಸ್ತ್ರದ ಪುಸ್ತಕಗಳಿಂದಲ್ಲ. ನಾನು ಅಂಚೆ ಮಾಸ್ತರರ ಮಗಳು.

ನಮ್ಮದು ಮಲೆನಾಡಿನ ಒಂದು ಹಳ್ಳಿ. ಶಾಖಾ ಅಂಚೆ ಕಚೇರಿ ಎಂದರೆ ನಮ್ಮ ಮನೆಯ ಜಗುಲಿಯೇ. ಒಂದು ಮೇಜು, ಒಂದು ತಕ್ಕಡಿ, ಕಂಬಕ್ಕೆ ತಗುಲಿಸಿದ ಕೆಂಪು ಡಬ್ಬಿ. ಮಧ್ಯಾಹ್ನದ ಬಸ್ಸಿಗೆ ಟಪಾಲು ಚೀಲ ಬರುತ್ತಿತ್ತು. ಅಪ್ಪಯ್ಯ ಅರಗಿನ ಮುದ್ರೆ ಒಡೆದು, ಚೀಲ ಬೋರಲು ಹಾಕಿ, ಒಂದೊಂದಕ್ಕೂ ಠಸ್ಸೆ ಹೊಡೆಯುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ವಿಳಾಸ ಓದುವ ಮೊದಲೇ ಅಕ್ಷರದ ವಾಲಿಕೆ ನೋಡಿ, “ಮೇಲಿನಮನೆ ಸೊಸೆಗೆ ತವರಿಂದ ಬಂತು” ಎಂದು ಬದಿಗಿಡುತ್ತಿದ್ದರು. ಒಮ್ಮೆಯೂ ತಪ್ಪಿದ್ದು ನಾನು ಕಾಣೆ.

ಕಾರ್ಡುಗಳು ನನ್ನ ಕಣ್ಣೆದುರೇ ತೆರೆದು ಬಿದ್ದಿರುತ್ತಿದ್ದವು. ನನಗೆ ಆಗಷ್ಟೇ ಓದು ಬಂದಿತ್ತು. ಬೆಂಕಿಪೊಟ್ಟಣ, ಬೆಲ್ಲ ಕಟ್ಟಿಕೊಟ್ಟ ಕಾಗದ, ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ವಯಸ್ಸು. ಒಂದು ದಿನ ಯಾರದೋ ಕಾರ್ಡನ್ನು ಗಟ್ಟಿಯಾಗಿ ಓದತೊಡಗಿದೆ. ಅಪ್ಪಯ್ಯ ಹೊಡೆಯಲಿಲ್ಲ, ಬೈಯಲಿಲ್ಲ. ಕಾರ್ಡನ್ನು ಮಗುಚಿಟ್ಟು, “ಕಣ್ಣಿಗೆ ಬಿತ್ತು ಅಂತ ಓದೋದಲ್ಲ ಕಣೇ,” ಅಂದರು.

ಓದಲು ಬಾರದ ಹೆಂಗಸರು ತಮ್ಮ ಕಾಗದ ಹಿಡಿದು ಬರುತ್ತಿದ್ದರು. ಮಗ ಕೆಲಸಕ್ಕೆ ಹೋದ ಊರಿಂದ ಬಂದದ್ದು, ಗಂಡನ ಮನೆಯಲ್ಲಿ ಕಷ್ಟಪಡುವ ಮಗಳು ಯಾರ ಕೈಯಲ್ಲೋ ಬರೆಸಿದ್ದು. ಆಗ ನನ್ನನ್ನು ಒಳಗೆ ಕಳಿಸಿ ಅಪ್ಪಯ್ಯ ತಗ್ಗಿದ ದನಿಯಲ್ಲಿ ಓದುತ್ತಿದ್ದರು. ಕೆಲವೊಮ್ಮೆ ಓದು ನಿಂತು ಬಹಳ ಹೊತ್ತು ಸದ್ದೇ ಇರುತ್ತಿರಲಿಲ್ಲ. ಆಮೇಲೆ ಆ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋಗುವುದು ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅಮ್ಮ “ಏನಂತೆ?” ಎಂದರೆ “ಏನಿಲ್ಲ, ಕ್ಷೇಮ ಸಮಾಚಾರ” ಎಂದು ಅಪ್ಪಯ್ಯ ಅನ್ನಕ್ಕೆ ಸಾರು ಕಲಸುತ್ತಿದ್ದರು. ನನ್ನ ಕಸುಬನ್ನು ನಾನು ಮೊದಲು ನೋಡಿದ್ದು ಆ ಜಗುಲಿಯಲ್ಲಿ ಎಂದು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ.

ಅಮ್ಮನಿಗೆ ವಾರಪತ್ರಿಕೆಯ ಹುಚ್ಚು. ಅದರಲ್ಲೂ ಡಾಕ್ಟರು ಉತ್ತರಿಸುವ ಪುಟ ಮೊದಲು. ‘ನಾನು 24 ವರ್ಷದ ವಿವಾಹಿತೆ’ ಎಂದು ಶುರುವಾಗುವ ಪ್ರಶ್ನೆ, ಕೊನೆಯಲ್ಲಿ ಸಹಿ ಇರುವ ಜಾಗದಲ್ಲಿ ‘ಹೆಸರು ಬೇಡ, ಊರು ಬೇಡ’. ಹೆಸರೂ ಇಲ್ಲ, ಊರೂ ಇಲ್ಲ ಎಂದ ಮೇಲೆ ಉತ್ತರ ಅವಳಿಗೆ ಮುಟ್ಟುವುದು ಹೇಗೆ ಎಂದು ಅಂಚೆ ಮನೆಯ ಹುಡುಗಿಯಾದ ನನಗೆ ಚಿಂತೆ. ಕೇಳಿದ್ದಕ್ಕೆ ಅಮ್ಮ, “ಓದಿದ್ರೆ ಅವಳಿಗೆ ಗೊತ್ತಾಗ್ತದೆ, ತಂದೇ ಅಂತ. ಅಷ್ಟು ಸಾಕಲ್ಲ,” ಅಂದಳು.

ಕನ್ನಡದಲ್ಲಿ ಮನಸ್ಸಿನ ಕಾಯಿಲೆಯ ಬಗ್ಗೆ ಮರ್ಯಾದೆಯಿಂದ ಬರೆದವರು ಬಹಳ ಹಿಂದಿನಿಂದಲೂ ಇದ್ದಾರೆ. 1942ರಲ್ಲಿ ‘ಕೊರವಂಜಿ’ಯನ್ನು ಶುರುಮಾಡಿ ನಾಡನ್ನೇ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೈದ್ಯರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಮ್ಮ ಶಾಲೆಯ ಮೇಷ್ಟ್ರ ಮನೆಯಲ್ಲಿ ಅದಿತ್ತು. ಅರ್ಧಂಬರ್ಧ ಅರ್ಥವಾದರೂ ಓದಿದ್ದೆ. ಮುಂದೆ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು ಬಸ್‌ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುವಂತಾದವು. ಇವರ ಹಾಗೆ ಜನರಿಗೆ ತಿಳಿಯುವ ಮಾತಿನಲ್ಲಿ ಬರೆಯಬೇಕು ಎಂಬ ಆಸೆ ನನ್ನಲ್ಲಿ ಹುಟ್ಟಿದ್ದು ಹಾಗೆ. ಆಸೆ ಒಳ್ಳೆಯದೇ. ನಾನು ಎಡವಿದ್ದೂ ಅದರಿಂದಲೇ.

ಅದಕ್ಕೆ ಮೊದಲು ಅಪ್ಪಯ್ಯನ ಇನ್ನೊಂದು ಸಂಗತಿ ಹೇಳಬೇಕು. ಹೇಳದೆ ಬರಿ ಜಗುಲಿಯ ಕಥೆ ಹೇಳಿದರೆ ಅದು ಅರ್ಧ ಸುಳ್ಳು.

ನಾನು ಪಿಯುಸಿಗೆ ಪೇಟೆಗೆ ಹೋಗುತ್ತಿದ್ದ ಕಾಲ. ನನಗಿಂತ ಸ್ವಲ್ಪ ದೊಡ್ಡವಳು ಒಬ್ಬಳು ಕೇರಿಯಲ್ಲಿದ್ದಳು. ಅವಳಿಗೆ ಇನ್‌ಲ್ಯಾಂಡ್ ಬರುತ್ತಿದ್ದವು. ಬರೆದವರ ಅಕ್ಷರ ನೆಂಟರದ್ದಲ್ಲ ಎಂದು ಅಪ್ಪಯ್ಯನಿಗೆ ಗೊತ್ತಾಗದೆ ಇರುತ್ತದೆಯೇ? ಮೂರೋ ನಾಲ್ಕೋ ಕಾಗದ ಕೊಟ್ಟರು. ಒಂದು ದಿನ ಬಂದದ್ದನ್ನು ಠಸ್ಸೆ ಹೊಡೆದು ಮೇಜಿನ ಖಾನೆಗೆ ಹಾಕಿದರು. ಸಂಜೆ ಅವಳ ತಂದೆ ಬಂದಾಗ ತೆಗೆದು ಅವರ ಕೈಯಲ್ಲಿಟ್ಟರು. ಒಡೆಯಲಿಲ್ಲ, ಓದಲಿಲ್ಲ, ಬರಿ ಕೈಯಲ್ಲಿಟ್ಟರು. ಆಮೇಲೆ ಅವಳ ಮದುವೆ ಬೇಗ ಆಯಿತು. ಹುಡುಗ ಬೇರೆ.

ನನಗೆ ಇದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಮ್ಮನ ಬಾಯಿಂದ. ಅಪ್ಪಯ್ಯನನ್ನು ಕೇಳಿದೆ. ಅಷ್ಟು ಹೊತ್ತಿಗೆ ಅವರಿಗೆ ನಿವೃತ್ತಿಯಾಗಿತ್ತು. ಕವಳ ಹಾಕಿಕೊಳ್ಳುತ್ತಿದ್ದವರು ತಲೆಯೆತ್ತದೆ, “ಅವಳ ಒಳ್ಳೇದಕ್ಕೇ ಮಾಡಿದ್ದು,” ಅಂದರು. ಒಂದು ಕಾರ್ಡು ಕಣ್ಣಿಗೆ ಬಿದ್ದರೂ ಓದಬಾರದು ಎಂದ ಮನುಷ್ಯ. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಆ ಹೊತ್ತಿಗೂ ಅವರು ಹಾಗೆಯೇ ನಂಬಿದ್ದರು. ಹುಡುಗಿಯ ಹೆಸರಿಗೆ ಬಂದ ಕಾಗದ ಹುಡುಗಿಯದಲ್ಲ, ಅವಳ ಮನೆಯದು ಎಂಬ ತಿಳಿವಳಿಕೆಯಲ್ಲೇ ಬೆಳೆದವರು ಅವರು.

1990ರ ದಶಕದ ಮೊದಲಲ್ಲಿ ನಾನು ಬೆಂಗಳೂರಿನಲ್ಲಿ ಎಂ.ಫಿಲ್ ಮಾಡಿದೆ. ತರಬೇತಿಯಲ್ಲಿ ಗುಟ್ಟು ಕಾಯುವುದು ಒಂದು ವ್ರತದ ಹಾಗೆ. ಕೇಸ್ ಶೀಟು ಕೋಣೆಯಿಂದ ಹೊರಗೆ ಬರಬಾರದು. ಹಾಸ್ಟೆಲ್ ಊಟದ ಮೇಜಿನಲ್ಲಿ ಕೇಸಿನ ಮಾತು ಎತ್ತಬಾರದು. ಹೊರಗೆ ಕ್ಲೈಂಟ್ ಸಿಕ್ಕರೆ ನೀನಾಗಿ ನಗಬೇಡ, ಅವರು ನಕ್ಕರೆ ನಗು. ನಿನ್ನ ಪರಿಚಯ ಇರುವುದೇ ಅವರ ಪಾಲಿಗೆ ಒಂದು ಗುಟ್ಟು ಎಂದು ನಮಗೆ ಕಲಿಸಿದ ಅಧ್ಯಾಪಕಿ ಹೇಳುತ್ತಿದ್ದರು. ಆ ಕಾಲಕ್ಕೆ ನಿಮ್ಹಾನ್ಸ್ ಎಂಬ ಹೆಸರನ್ನೇ ಜನ ಬೈಗುಳದ ಹಾಗೆ ಬಳಸುತ್ತಿದ್ದರು. ಹೊಸೂರು ರಸ್ತೆಯ ಬಸ್ಸಿನಲ್ಲಿ ಬರುವಾಗ ಲಕ್ಕಸಂದ್ರದಲ್ಲೇ ಇಳಿದು, ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನಡೆದು ಬರುತ್ತೇನೆ ಎಂದು ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಆಗಿನದು 1987ರ ಮಾನಸಿಕ ಆರೋಗ್ಯ ಕಾಯಿದೆ. ಅದರ 81ನೇ ಕಲಮನ್ನು ತರಗತಿಯಲ್ಲಿ ಓದಿದ ದಿನ ನನಗೆ ಮೈ ಜುಮ್ಮೆಂದಿತು. ಚಿಕಿತ್ಸೆಯಲ್ಲಿರುವವರು ಬರೆದ ಕಾಗದವನ್ನಾಗಲಿ, ಅವರಿಗೆ ಬಂದ ಕಾಗದವನ್ನಾಗಲಿ ನಡುವೆ ತಡೆಯಬಾರದು, ಹಿಡಿದಿಟ್ಟುಕೊಳ್ಳಬಾರದು, ನಾಶ ಮಾಡಬಾರದು ಎಂದಿತ್ತು. ಚಿಕಿತ್ಸೆಗೆ ತೊಡಕಾಗುವಂಥವುಗಳಿಗೆ ಅದರಲ್ಲೇ ಒಂದು ವಿನಾಯಿತಿಯ ಬಾಗಿಲನ್ನೂ ಇಟ್ಟಿದ್ದರು. ಎಲ್ಲರೂ ಗುರುತು ಹಾಕಿಕೊಂಡು ಮುಂದಿನ ಕಲಮಿಗೆ ಹೋದರು. ನನಗೆ ಮಾತ್ರ ಜಗುಲಿಯ ಮೇಜಿನ ಖಾನೆ ಕಾಣುತ್ತಿತ್ತು.

ಹಾಗೆಂದು ಆ ದಿನಗಳಲ್ಲಿ ನಾವು ಗುಟ್ಟು ಕಾದೆವೇ? ಹೊರಗಿನವರಿಂದ ಕಾದೆವು. ಮನೆಯವರಿಂದ ಕಾಯಲಿಲ್ಲ. ನಮ್ಮ ದೇಶದಲ್ಲಿ ಮನೆಯವರಿಲ್ಲದೆ ಚಿಕಿತ್ಸೆ ಸಾಗುವುದಿಲ್ಲ ಎಂಬುದು ನಿಜವಾದ ಅನುಭವದಿಂದ ಬಂದ ಮಾತು. 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡು ದೊಡ್ಡ ಕೆಲಸ ಮಾಡಿದ್ದರು. ಆ ಪರಂಪರೆಯ ಬಗ್ಗೆ ನನಗೆ ಈಗಲೂ ಗೌರವ. ಆದರೆ ನಾವು ಅದನ್ನು ಬಳಸಿಕೊಂಡ ರೀತಿ ಬೇರೆ. ಹೆಂಡತಿ ಅತ್ತು ಹೇಳಿದ್ದನ್ನು ಗಂಡನಿಗೆ ‘ತಿಳಿಸಿ ಹೇಳುತ್ತಿದ್ದೆವು’. ಮಗಳು ಹೇಳಿದ್ದನ್ನು ಜೀಪಿನಲ್ಲಿ ಜೊತೆಗೆ ಬಂದ ಸೋದರಮಾವನಿಗೂ ಹೇಳುತ್ತಿದ್ದೆವು, ಅವನು ಖರ್ಚು ಕೊಡುವವನು ಎಂಬ ಕಾರಣಕ್ಕೆ. ಯಾವೊಂದು ಕೇಸನ್ನೂ ಇಲ್ಲಿ ಎತ್ತುವುದಿಲ್ಲ. ನಾನು ಹಾಗೆ ಮಾಡಿದ್ದು ಒಂದೆರಡು ಸಲ ಅಲ್ಲ. ಯಾವ ಸಲವೂ ಆ ಹೆಣ್ಣುಮಕ್ಕಳನ್ನು “ಹೇಳಲೇ?” ಎಂದು ಕೇಳಲಿಲ್ಲ. ಅವರ ಒಳ್ಳೆಯದಕ್ಕೇ ಎಂದು ಹೇಳಿದೆ. ಸಾಮಾಜಿಕ ಜಾಲತಾಣ ಬಂದು ಗುಟ್ಟು ಕೆಟ್ಟಿತು ಎಂದು ನನ್ನ ಓರಗೆಯವರು ಹೇಳುವಾಗ ನಾನು ತಲೆಯಾಡಿಸಲಾರೆ.

ತರಬೇತಿ ಮುಗಿಸಿ ಕೆಲವು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಮಲೆನಾಡಿನ ಪೇಟೆಯೊಂದರಲ್ಲಿ ಔಷಧಿ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದೆ. ಬೋರ್ಡಿನಲ್ಲಿ ‘ಮಾನಸಿಕ’ ಎಂಬ ಪದವಿತ್ತು. ಮೊದಲ ತಿಂಗಳಲ್ಲೇ ಹಿರಿಯರೊಬ್ಬರು, “ಅದೊಂದು ಅಳಿಸಿ ಮೇಡಂ, ಮೆಟ್ಟಿಲು ಹತ್ತೋಕೆ ಧೈರ್ಯ ಬರ್ತದೆ” ಅಂದರು. ಅಳಿಸಿದೆ. ಕೆಳಗೆ ಯಾರಾದರೂ ಕಂಡರೆ ಮಾತ್ರೆ ಕೊಳ್ಳಲು ಬಂದೆ ಎನ್ನಬಹುದಿತ್ತು. ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ದೀಪೋತ್ಸವದಲ್ಲಿ ನನ್ನ ಕ್ಲೈಂಟ್‌ಗಳು ಎದುರಾಗುತ್ತಿದ್ದರು. ನಾನು ಮೊದಲು ನಗದೆ ಇರುವುದನ್ನು ಕಂಡು ‘ಭಾರಿ ಜಂಬದ ಹೆಂಗಸು’ ಎಂಬ ಹೆಸರು ಪೇಟೆಯಲ್ಲಿ ಬಂದಿತ್ತು. ಆ ಹೆಸರನ್ನು ಸಂತೋಷದಿಂದ ಹೊತ್ತೆ.

ಆಮೇಲೆ ಫೇಸ್‌ಬುಕ್ ಬಂತು. 2010ರ ಹೊತ್ತಿಗೆ ನಾನೂ ಅಲ್ಲಿದ್ದೆ. ಖಿನ್ನತೆ, ನಿದ್ದೆ, ಮಕ್ಕಳ ಪರೀಕ್ಷೆಯ ಭಯ ಎಂದು ಕನ್ನಡದಲ್ಲಿ ಸಣ್ಣ ಟಿಪ್ಪಣಿ ಬರೆಯುತ್ತಿದ್ದೆ. ನಲವತ್ತು ಐವತ್ತು ಜನ ಓದುತ್ತಿದ್ದರು. 2012ರ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಬ್ಯಾಟರಿಯಲ್ಲಿ, ನನ್ನಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದ ಒಬ್ಬಾಕೆಯ ಕಥೆ ಬರೆದೆ. ಹೆಸರು ಬದಲಿಸಿದೆ. ಊರು ಬದಲಿಸಿದೆ. ವಯಸ್ಸು, ಕೆಲಸ, ಮಕ್ಕಳ ಸಂಖ್ಯೆ, ಎಲ್ಲ ಬದಲಿಸಿದೆ. ಒಂದೇ ಒಂದು ವಿವರವನ್ನು ಇದ್ದ ಹಾಗೆಯೇ ಉಳಿಸಿದೆ. ಅದು ಅಷ್ಟು ಚೆಂದವಿತ್ತು. ಅದಿಲ್ಲದೆ ಕಥೆಗೆ ಜೀವವಿಲ್ಲ ಅನ್ನಿಸಿತು. ಆಕೆ ದಿನಾ ಸಂಜೆ ಮಾಡುತ್ತಿದ್ದ ಒಂದು ಸಣ್ಣ ಕೆಲಸ. ಅದೇನು ಎಂದು ಇಲ್ಲಿ ಬರೆಯುವುದಿಲ್ಲ.

ಬೆಳಗಾಗುವಷ್ಟರಲ್ಲಿ ಅದು ನನ್ನ ಕೈಮೀರಿ ಹರಡಿತ್ತು. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಹೆಸರಿನ ಜನ ಹಂಚಿಕೊಂಡಿದ್ದರು. ‘ಕಣ್ಣೀರು ಬಂತು’, ‘ನಿಮ್ಮಂಥವರು ಬೇಕು’ ಎಂದು ಬರೆದಿದ್ದರು. ನನಗೆ ಸಂತೋಷವಾಯಿತು. ಎಷ್ಟು ಸಂತೋಷ ಎಂದರೆ ಸೆಷನ್ನುಗಳ ನಡುವೆ ಹತ್ತು ನಿಮಿಷ ಸಿಕ್ಕಾಗಲೆಲ್ಲ ತೆರೆದು ಲೆಕ್ಕ ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಾನು ಆ ದಿನ ಒಳ್ಳೆಯ ಕೆಲಸ ಮಾಡಿದೆ ಎಂದು ನಂಬಿದ್ದೆ, ಮತ್ತು ಹೊಗಳಿಸಿಕೊಳ್ಳುತ್ತಿದ್ದೆ. ಎರಡೂ ಒಂದೇ ಎದೆಯಲ್ಲಿದ್ದವು.

ಆ ವಾರ ಆಕೆ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆಮೇಲೆ ಒಂದು ಎಸ್ಸೆಮ್ಮೆಸ್ ಬಂತು: “ಮೇಡಂ, ಓದಿದೆ. ನಾನು ಗುಣ ಆಗಿದ್ದು ಎಲ್ಲರಿಗೂ ಗೊತ್ತಾಯ್ತು. ನನಗೇ ಇನ್ನೂ ಗೊತ್ತಾಗಿರ್ಲಿಲ್ಲ.”

ಮನೆಯ ಹಿತ್ತಲಲ್ಲಿ ನಿಂತು ಓದಿದೆ ಅದನ್ನು. ಅಮ್ಮನ ಮಾತು ನೆನಪಾಯಿತು: ಅವಳಿಗೆ ಗೊತ್ತಾಗ್ತದೆ, ತಂದೇ ಅಂತ. ಪತ್ರಿಕೆಗೆ ತಾನಾಗಿ ಬರೆದು, ಹೆಸರು ಬೇಡ ಎಂದವಳಿಗೆ ಆ ಪುಟದಲ್ಲಿ ತನ್ನನ್ನು ಕಾಣುವುದು ಸಮಾಧಾನ. ನನ್ನೆದುರು ಕೂತು ಮಾತಾಡಿದವಳಿಗೆ ಅದೇ ಕಾಣ್ಕೆ ಎಂಥ ಪೆಟ್ಟಾಯಿತು! ಬೇರೆಯವರಿಗೆ ಗುರುತು ಸಿಗಬಾರದು ಎಂದೇ ನಾನು ಇಷ್ಟೆಲ್ಲ ಬದಲಿಸಿದ್ದೆ. ಆಕೆಗೇ ಗುರುತು ಸಿಗುತ್ತದೆ ಎಂಬ ಯೋಚನೆ ನನ್ನ ತಲೆಗೆ ಬಂದಿರಲೇ ಇಲ್ಲ.

ಪೋಸ್ಟ್ ಅಳಿಸಿದೆ. ಅಷ್ಟರಲ್ಲಿ ಜನ ಅದನ್ನು ನಕಲು ಮಾಡಿ ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದರು. ಈಗಲೂ ಎಲ್ಲೋ ಇರಬಹುದು.

ಮೂರು ವರ್ಷದ ಮೇಲೆ ಆಕೆ ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಚಿಕಿತ್ಸೆಗಲ್ಲ. ಅಷ್ಟರಲ್ಲಿ ಬೇರೆ ಕಡೆ ತೋರಿಸಿಕೊಂಡಿದ್ದರು. ಅದು ನನಗೆ ನಿಜವಾದ ಸಮಾಧಾನ. ನಾನು ಕ್ಷಮೆ ಕೇಳಿದೆ. ಆಕೆ ಕೂತು, ನೀರು ಕುಡಿದು, ನಿಧಾನವಾಗಿ ಹೇಳಿದರು: “ಯಾರೂ ಗುರುತು ಹಿಡೀಲಿಲ್ಲ ಮೇಡಂ. ಮನೆಯವರೇ ಒಬ್ರು ಫೋನಲ್ಲಿ ತೋರ್ಸಿ, ‘ಪಾಪ, ಓದು’ ಅಂದ್ರು. ನಾನೂ ‘ಪಾಪ’ ಅಂದೆ.” ಸ್ವಲ್ಪ ಹೊತ್ತು ಬಿಟ್ಟು, “ಆಮೇಲೆ ಆ ಕೆಲ್ಸ ಮಾಡೋದು ಬಿಟ್ಟೆ,” ಅಂದರು. ಸಂಜೆ ಹೊತ್ತಿನ ಆ ಸಣ್ಣ ಕೆಲಸ. ಅದು ಆಕೆಯ ಪಾಲಿಗೆ ಊರವರ ಸ್ವತ್ತಾಗಿಬಿಟ್ಟಿತ್ತು.

ಅದಾದ ಮೇಲೆ ನಾನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೀಲಿ ಕೋಮ್ಸ್ 2010ರಲ್ಲೇ ತಮ್ಮ ಕ್ಲೈಂಟ್‌ಗಳಿಗಾಗಿ ಒಂದು ಲಿಖಿತ ನೀತಿ ಮಾಡಿಕೊಂಡಿದ್ದರು: ಸ್ನೇಹದ ಕೋರಿಕೆ ಒಪ್ಪುವುದಿಲ್ಲ, ತೀರಾ ಅಪಾಯದ ಹೊತ್ತಿನಲ್ಲಿ ಹೊರತು ನಿಮ್ಮನ್ನು ಅಂತರ್ಜಾಲದಲ್ಲಿ ಹುಡುಕುವುದಿಲ್ಲ, ಇತ್ಯಾದಿ. ನಾನೂ ಒಂದು ಹಾಳೆ ಬರೆದು ಮೊದಲ ಭೇಟಿಯಲ್ಲೇ ಓದಿಸತೊಡಗಿದೆ. ಕೆಲಸದ ಫೋನು, ಮನೆಯ ಫೋನು ಬೇರೆ ಮಾಡಿದೆ. ಸ್ವಂತ ನಂಬರಿನಲ್ಲಿ ಕ್ಲೈಂಟ್‌ಗಳನ್ನು ಉಳಿಸಿಕೊಂಡರೆ ಏನಾಗಬಹುದು ಎಂಬುದು 2016ರಲ್ಲಿ ಪತ್ರಕರ್ತೆ ಕಾಶ್ಮೀರ್ ಹಿಲ್ ಬರೆದ ವರದಿಯಿಂದ ಗೊತ್ತಾಯಿತು. ಅಮೆರಿಕದ ಮನೋವೈದ್ಯೆಯೊಬ್ಬರ ರೋಗಿಗಳಿಗೆ ಫೇಸ್‌ಬುಕ್ ಪರಸ್ಪರರನ್ನೇ ‘ನಿಮಗೆ ಪರಿಚಯವಿರಬಹುದು’ ಎಂದು ತೋರಿಸತೊಡಗಿತ್ತು. ಯಾರೂ ಏನೂ ಹೇಳಿರಲಿಲ್ಲ. ಆದರೂ ಒಬ್ಬರ ಹೆಸರು ಇನ್ನೊಬ್ಬರ ಪರದೆಗೆ ಬಂದಿತ್ತು. ನನ್ನ ಪೇಟೆಯಲ್ಲಿ ಹಾಗಾಗಿದ್ದರೆ? ಔಷಧಿ ಅಂಗಡಿಯ ನೆಪ ಹೇಳಲು ಅಲ್ಲಿ ಮೆಟ್ಟಿಲೇ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸದ್ದಿಲ್ಲದ್ದು. ಕ್ಲೈಂಟ್ ಒಬ್ಬರ ಪುಟವನ್ನು ಒಂದು ರಾತ್ರಿ ತೆರೆದು ನೋಡಿದೆ. ಅವರ ಬಗ್ಗೆ ಆತಂಕವಿತ್ತು ಎಂದು ನನಗೆ ನಾನೇ ಹೇಳಿಕೊಂಡೆ, ನಿಜವಾಗಿ ಕುತೂಹಲವಿತ್ತು. ಅವರು ನನಗೆ ಹೇಳದ ಒಂದು ಸಂಗತಿ ಅಲ್ಲಿ ಎಲ್ಲರಿಗೂ ಕಾಣುವ ಹಾಗೆ ಇತ್ತು. ಮುಂದಿನ ಸೆಷನ್ನಿನಿಂದ ನಾನು ಕೇಳಿಸಿಕೊ­ಳ್ಳುವುದನ್ನೇ ಬಿಟ್ಟೆ, ಯಾವಾಗ ಹೇಳುತ್ತಾರೆ ಎಂದು ಕಾಯತೊಡಗಿದೆ. ನನ್ನ ಪ್ರಶ್ನೆಗಳೆಲ್ಲ ಆ ಕಡೆಗೇ ವಾಲತೊಡಗಿದವು. ಅವರಿಗೆ ಅದು ಹೇಗೋ ತಾಕಿರಬೇಕು, ಮಾತು ಕಡಿಮೆ ಮಾಡಿದರು. ಕೊನೆಗೆ ನಾನೇ ಹೇಳಿಬಿಟ್ಟೆ, ನೋಡಿದೆ ಎಂದು. ‘ಎಲ್ಲರಿಗೂ ಕಾಣ್ತಿತ್ತಲ್ಲ’ ಎಂಬ ಸಮಜಾಯಿಷಿ ನಾಲಿಗೆ ತುದಿಯಲ್ಲಿತ್ತು. ಕಾರ್ಡನ್ನು ಮಗುಚಿಡುವ ಅಪ್ಪಯ್ಯನ ಕೈ ನೆನಪಾಗಿ ಅದನ್ನು ನುಂಗಿಕೊಂಡೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 23ನೇ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಕರೆಯಿತು. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಎಣಿಸಿಟ್ಟ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ಸಡಿಲಿಕೆ. 24ನೇ ಕಲಮು, ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದಿತು, ಡಿಜಿಟಲ್ ರೂಪದಲ್ಲಿ ಇಟ್ಟದ್ದಕ್ಕೂ ಗೋಪ್ಯತೆ ಅನ್ವಯಿಸುತ್ತದೆ ಎಂದಿತು. ಸೋದರಮಾವನಿಗೆ ಹೇಳುತ್ತಿದ್ದ ಕಾಲದಿಂದ ಇಲ್ಲಿಗೆ ಬಂದದ್ದು ಸಣ್ಣ ದಾರಿಯಲ್ಲ. ವೈದ್ಯರ ಮಟ್ಟಿಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಡಿಸಿ ಬರೆದಿತ್ತು: ರೋಗಿಗಳಿಂದ ಪ್ರಶಂಸೆಯ ಮಾತು ಕೇಳಿ ಹಂಚಿಕೊಳ್ಳಬೇಡಿ, ಅವರ ಫೋಟೊ ಹಾಕಬೇಡಿ ಎಂದು. ಅದೇ ತಿಂಗಳು ಆ ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು.

ಕೋವಿಡ್ ಬಂದ ಮೇಲೆ ಕೋಣೆಯೇ ಇಲ್ಲವಾಯಿತು. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ನಾವೆಲ್ಲ ಪರದೆಗೆ ಹೋದೆವು. ಜನ ಬಚ್ಚಲುಮನೆಯಿಂದ, ಟೆರೇಸಿನಿಂದ, ನಿಲ್ಲಿಸಿದ ಕಾರಿನಿಂದ ಮಾತಾಡಿದರು. ಕೋಣೆಗೆ ಯಾರಾದರೂ ಬಂದರೆ “ಕುಕ್ಕರ್ ಕೂಗ್ತಿದೆ” ಎನ್ನಿ ಎಂದು ಹಲವರಿಗೆ ಹೇಳಿಕೊಟ್ಟಿದ್ದೆ. ಆ ಮಾತು ಕೇಳಿದ ಕೂಡಲೇ ನಾನು ಒಬ್ಬ ಹಳೆಯ ಟೀಚರ್‌ನಂತೆ ಮಳೆ ಬೆಳೆ ವಿಚಾರಿಸುತ್ತಿದ್ದೆ. ಅದೇ ವರ್ಷ ಫಿನ್ಲೆಂಡಿನ ವಸ್ತಾಮೊ ಎಂಬ ಚಿಕಿತ್ಸಾ ಸಂಸ್ಥೆಯ ಕಡತಗಳು ಕಳುವಾದ ಸುದ್ದಿ ಬಂತು. 30 ಸಾವಿರಕ್ಕೂ ಹೆಚ್ಚು ಜನರ ದಾಖಲೆ. ಕದ್ದವನು ರೋಗಿಗಳಿಗೇ ಬರೆದು ಹಣ ಕೇಳಿದ್ದ. ಆ ರಾತ್ರಿ ನಾನು ಕಂಪ್ಯೂಟರಿನಲ್ಲಿ ಇಟ್ಟಿದ್ದ ಟಿಪ್ಪಣಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಚಿಕಿತ್ಸೆಗೆ ಬೇಕಿಲ್ಲದ್ದು ಎಷ್ಟೊಂದು ಬರೆದಿಟ್ಟಿದ್ದೆ!

ಈಗ ನನ್ನ ಕೆಲಸದ ಫೋನಿಗೆ ರಾತ್ರಿ ಸಂದೇಶ ಬಂದರೆ, ಬೆಳಗ್ಗೆ ನೋಡುತ್ತೇನೆ, ಅಲ್ಲಿಯವರೆಗೆ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಎಂಬ ಉತ್ತರ ತಾನಾಗಿ ಹೋಗುತ್ತದೆ. ನೀಲಿ ಗೆರೆ ಬಂದೂ ಉತ್ತರ ಬಾರದಿದ್ದರೆ ಕೆಲವರಿಗೆ ಆ ರಾತ್ರಿ ಎಷ್ಟು ಉದ್ದವಾಗುತ್ತದೆ ಎಂದು ತಿಳಿದ ಮೇಲೆ ಮಾಡಿಕೊಂಡ ಏರ್ಪಾಡು ಅದು. ಗೂಗಲ್‌ನಲ್ಲಿ ಯಾರೋ ನನಗೆ ಒಂದೇ ನಕ್ಷತ್ರ ಕೊಟ್ಟು ಕಟುವಾಗಿ ಬರೆದಿದ್ದಾರೆ. ಉತ್ತರ ಕೊಡಬಾರದು. ‘ನೀವು ಬಂದಿದ್ದಾಗ’ ಎಂದು ಎರಡು ಪದ ಬರೆದರೂ ಅವರು ಬಂದಿದ್ದರು ಎಂದು ನಾನೇ ಊರಿಗೆ ಸಾರಿದಂತೆ.

ಮೇಜಿನ ಮೇಲೆ ಹುಡುಗಿಯ ಫೋನು ಇನ್ನೂ ಹಾಗೇ ಇತ್ತು. ನಾನು ಬೈಯಲಿಲ್ಲ. ಈ ಮಕ್ಕಳ ರೀಲ್‌ಗಳಿಂದ ಎಷ್ಟು ಉಪಕಾರವಾಗಿದೆ ಎಂದು ನನಗೆ ಗೊತ್ತು. ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗಿ ಇಸಿಜಿ ಮೇಲೆ ಇಸಿಜಿ ಮಾಡಿಸಿಕೊಂಡವರು, ಇದಕ್ಕೆ ಪ್ಯಾನಿಕ್ ಎಂಬ ಹೆಸರಿದೆ, ಚಿಕಿತ್ಸೆಯಿದೆ ಎಂದು ಒಂದು ನಿಮಿಷದ ಕನ್ನಡ ವಿಡಿಯೊದಿಂದ ತಿಳಿದು ಬಂದದ್ದನ್ನು ನೋಡಿದ್ದೇನೆ. ಬೋರ್ಡಿನಿಂದ ಒಂದು ಪದ ಅಳಿಸಿ ನಾನು ಗಳಿಸಿದ ಜನರಿಗಿಂತ ಹೆಚ್ಚು ಜನರನ್ನು ಆ ಪದವನ್ನು ಗಟ್ಟಿಯಾಗಿ ಹೇಳಿಯೇ ಇವರು ಮುಟ್ಟಿದ್ದಾರೆ.

“ಯಾವಾಗ ಕೇಳಿದೆ ಅವರನ್ನ?” ಅಂದೆ.

“ಲಾಸ್ಟ್ ಸೆಷನ್‌ನಲ್ಲಿ. ಪತ್ರ ಕೊಟ್ಟು ಅಳ್ತಿದ್ರು. ಹಾಕ್ಲಾ ಅಂದೆ. ಖಂಡಿತಾ ಹಾಕಿ, ನಿಮ್ಮಿಂದ್ಲೇ ಬದುಕಿದೀನಿ ಅಂದ್ರು.”

ನಾನು ಸುಮ್ಮನಿದ್ದೆ. ಅವಳಿಗೂ ತನ್ನ ಮಾತು ಕೇಳಿಸಿರಬೇಕು. “ಆಗ ಯಾರು ಬೇಡ ಅಂತಾರೆ, ಅಲ್ವಾ ಮ್ಯಾಮ್,” ಅಂದಳು, ಮೆಲ್ಲಗೆ. ಆಮೇಲೆ, “ಹಾಗಾದ್ರೆ ಯಾವಾಗ ಕೇಳ್ಬೇಕಿತ್ತು?”

ಕೇಳದೆಯೇ ಇರಬಹುದಿತ್ತು, ಪತ್ರವನ್ನು ಮನೆಗೆ ಒಯ್ದು ಮಡಿಸಿಟ್ಟುಕೊಳ್ಳಬಹುದಿತ್ತು ನೋಡಮ್ಮ, ಅದು ನಿನಗೆ ಬರೆದ ಕಾಗದ ಎಂದೆ. ಜೊತೆಗೆ 2012ರ ನನ್ನ ಮಳೆಗಾಲದ ಕಥೆಯನ್ನೂ ಹೇಳಿದೆ. ಅವಳು ಫೋನನ್ನು ಮಗುಚಿಟ್ಟು ಕೇಳಿದಳು. ಆ ರೀಲನ್ನು ತೆಗೆದಳೋ ಇಲ್ಲವೋ ಎಂದು ನಾನು ಹೋಗಿ ನೋಡಿಲ್ಲ.

ಈ ಬರಹವನ್ನು ಕೊಡುವ ಮೊದಲು ಮೂವರಿಗೆ ಕಳಿಸಿದೆ, ಬೇಡವೆಂದರೆ ಕೊಡುವುದಿಲ್ಲ ಎಂದು ಮೊದಲೇ ಹೇಳಿ. ಹುಡುಗಿ ಒಪ್ಪಿದಳು. ನನ್ನ ಹಳೆಯ ಕ್ಲೈಂಟ್ ಮೂರು ದಿನ ಸಮಯ ಕೇಳಿದರು. ನಾಲ್ಕನೇ ದಿನ ಫೋನ್ ಮಾಡಿ ಎರಡು ಸಾಲು ತೆಗೆಸಿದರು. ಒಂದು ಯಾಕೆಂದು ನನಗೂ ಹೊಳೆಯಿತು. ಇನ್ನೊಂದು ತೀರಾ ಮಾಮೂಲಿ ಸಾಲು, ಮಳೆಯ ಬಗ್ಗೆ. ಯಾಕೆ ಎಂದು ಕೇಳಲಿಲ್ಲ, ತೆಗೆದೆ.

ಮೂರನೆಯವಳು ಕೇರಿಯ ಆ ಗೆಳತಿ. ಈಗ ಮೊಮ್ಮಕ್ಕಳಿದ್ದಾರೆ. ಕಾಗದ ಅವಳ ತಂದೆಯ ಕೈಗೆ ಹೋದದ್ದು ಅವಳಿಗೆ ಗೊತ್ತಿರುವುದು ನನಗೆ ಗೊತ್ತಿತ್ತು; ನಾವಿಬ್ಬರೂ ಆ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ಓದಿ ಅವತ್ತೇ ಸಂಜೆ ಫೋನ್ ಮಾಡಿದಳು.

“ಬರಿ ಮಾರಾಯ್ತಿ, ಈಗೆಂತ,” ಅಂದಳು. “ನಿಮ್ಮಪ್ಪಯ್ಯ ಒಡೆದು ಓದ್ಲಿಲ್ಲ ಅಂತ ಬರ್ದಿದ್ದೀಯಲ್ಲ, ಹೌದಾ ಅದು?”

“ಹೌದು,” ಅಂದೆ.

“ನಮ್ಮಪ್ಪನೂ ಒಡೀಲಿಲ್ಲ ಕಣೇ. ಹಾಗೇ ಒಲೆಗೆ ಹಾಕಿದ್ರು. ಅದ್ರಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ.”